ಕತ್ತಲೆ ಕೋಣೆಗೆ ಬಂದ ಗ್ರಹಣ

ಪುತ್ತೂರಿನ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡೇ ಕಾಲ: ಒಂದು ಕೊಡೆಯದ್ದು, ಇನ್ನೊಂದು ನಕ್ಷತ್ರದ್ದು. ಅಪ್ಪನಿಗೆ ಪೇಟೆಯಲ್ಲಿ, ಬಸ್ಸುಗಳು ನಿಲ್ಲುವಲ್ಲಿಂದ ಸ್ವಲ್ಪ ಕೆಳಗೆ, ಗಡಿಯಾರ ರಿಪೇರಿಯ ಅಂಗಡಿ ಇತ್ತು. ಒಬ್ಬರು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು, ಅಷ್ಟು ಜಾಗ. ಅದರ ಮೆಟ್ಟಿಲ ಮೇಲೆ ಮಳೆಗಾಲವಿಡೀ ಕೊಡೆ ಬಿಚ್ಚಿ ಹೊಲಿಯುತ್ತ ಕೂರುತ್ತಿದ್ದವರು ಅದ್ರಾಮ ಬ್ಯಾರಿಗಳು. ಮಳೆ ನಿಂತು ಆಕಾಶ ತೆರವಾಗುವುದೂ ಅವರ ಕೈ ತೆರವಾಗುವುದೂ ಒಂದೇ ಸಮಯಕ್ಕೆ. ಹಾಗಾಗಿ ದೀಪಾವಳಿ ಹತ್ತಿರ ಬಂತೆಂದರೆ ಅವರು ಸೂಜಿ ದಾರ ಕಟ್ಟಿಟ್ಟು, ಸಂಜೆ ಅಪ್ಪನ ಜೊತೆ ನಮ್ಮ ಮನೆಯ ದಾರಿ ಹಿಡಿಯುತ್ತಿದ್ದರು. ಶನಿವಾರಗಳಲ್ಲಿ ಮೂರನೆಯವರು ಸೇರುತ್ತಿದ್ದರು: ಬೆಳ್ಳಾರೆಯ ಶಾಲೆಯಲ್ಲಿ ಕಲಿಸುತ್ತಿದ್ದ, ಅಜ್ಜಾವರದ ಕಡೆಯ ಕುಶಾಲಪ್ಪ ಮೇಷ್ಟ್ರು. ಮಧ್ಯಾಹ್ನದ ಬಸ್ಸಿನಲ್ಲಿ ಬಂದು, ರಾತ್ರಿ ನಮ್ಮ ಜಗಲಿಯಲ್ಲಿ ಮಲಗಿ, ಭಾನುವಾರ ಬೆಳಿಗ್ಗೆ ಹೋಗುವವರು. ಮೂವರಿಗೂ ಇದ್ದ ಹುಚ್ಚು ಒಂದೇ. ಊರಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ. ಕೇಳಿದವರಿಗೆ ಅಮ್ಮ, ಅವರು ಮೇಲೆ ನೋಡುತ್ತಾ ಕೂರುತ್ತಾರೆ ಎಂದಷ್ಟೇ ಹೇಳಿ ಮುಗಿಸುತ್ತಿದ್ದಳು.

ಅವರ ದೂರದರ್ಶಕವನ್ನು ಮನೆಯಲ್ಲಿ ಎಲ್ಲರೂ ಕೊಳವೆ ಎನ್ನುತ್ತಿದ್ದೆವು, ಏಕೆಂದರೆ ಅದು ಕೊಳವೆಯೇ ಆಗಿತ್ತು. ತೋಳಿನಷ್ಟು ದಪ್ಪದ ಬಿದಿರು. ಒಳಗಿನ ಗಂಟುಗಳನ್ನು ಕಾದ ಸರಳಿನಿಂದ ಸುಟ್ಟು ತೆಗೆದದ್ದು, ಒಳಗೋಡೆಗೆ ದೀಪದ ಮಸಿ ಬಳಿದದ್ದು. ಒಂದು ತುದಿಗೆ ಮಂಗಳೂರಿನಿಂದ ತರಿಸಿದ ಕನ್ನಡಕದ ಗಾಜು, ಇನ್ನೊಂದು ತುದಿಗೆ ಅಪ್ಪ ಗಡಿಯಾರದ ಹಲ್ಲು ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು. ಹೀಗಾಗಿ ಹಗಲು ಅಂಗಡಿಯಲ್ಲಿರುತ್ತಿದ್ದ ಕಣ್ಣು ಸಂಜೆ ಅಪ್ಪನ ಜೇಬಿನಲ್ಲಿ ಮನೆಗೆ ಬರುತ್ತಿತ್ತು. ಅದನ್ನು ನಿಲ್ಲಿಸುವ ಮುಕ್ಕಾಲಿಯನ್ನು ಅದ್ರಾಮ ಬ್ಯಾರಿಗಳು ಹಳೆಯ ಕೊಡೆಗಳ ದಂಟಿನಿಂದ ಮಾಡಿದ್ದರು. ಗಾಳಿ ಬಂದರೆ ಅದು ನಡುಗುತ್ತಿತ್ತು, ಆಗ ಚಂದ್ರನೂ ನಡುಗುತ್ತಿದ್ದ. ಅಂಗಳದಲ್ಲಿ ಚಾಪೆ ಹಾಸಿ, ಚಿಮಿಣಿ ದೀಪ ಊದಿ, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಯಾರೂ ಮಾತಾಡದೆ ಮಲಗಬೇಕು ಎಂಬುದು ಮೇಷ್ಟ್ರ ನಿಯಮ. ನಾನೂ ಮಲಗುತ್ತಿದ್ದೆ. ಸೆಗಣಿ ಸಾರಿಸಿದ ನೆಲದ ತಂಪು ಚಾಪೆಯ ಕೆಳಗಿನಿಂದ ಬೆನ್ನಿಗೆ ಏರಿ ಬರುವುದು, ಅಡುಗೆಮನೆಯಲ್ಲಿ ಅಮ್ಮ ಗಂಜಿ ಬಸಿಯುವ ಸದ್ದು, ಆಮೇಲೆ ಒಂದೊಂದಾಗಿ, ಯಾರೋ ಮೇಲಿನಿಂದ ಎಣ್ಣೆ ಹನಿಸಿದಂತೆ, ಹೊಸ ಹೊಸ ನಕ್ಷತ್ರಗಳು. ಎಷ್ಟೋ ಸಲ ಅವು ಮೇಲೆ ಇವೆಯೋ ನಾನು ಅವುಗಳ ಮೇಲೆ ತೇಲುತ್ತಿದ್ದೇನೋ ತಿಳಿಯದೆ ಚಾಪೆಯ ಅಂಚು ಹಿಡಿದುಕೊಳ್ಳುತ್ತಿದ್ದೆ.

ಮೌನ ಮುರಿಯುವವರು ಯಾವಾಗಲೂ ಅದ್ರಾಮ ಬ್ಯಾರಿಗಳೇ. ಗುರುಗ್ರಹಕ್ಕೆ ನಾಲ್ಕು ಚಂದ್ರರಿದ್ದಾರೆಂದು ಮೇಷ್ಟ್ರು ಹೇಳಿಕೊಟ್ಟ ಮರುವಾರ ಅವರು ಕೊಳವೆಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಮೇಷ್ಟ್ರೆ, ನಾಲ್ಕು ಅಂತ ಹೇಳಿದ್ರಿ. ಇಲ್ಲಿ ಮೂರೇ ಉಂಟು. ಒಂದನ್ನು ಬೆಳ್ಳಾರೆ ಬಸ್ಸಿನಲ್ಲಿ ಬಿಟ್ಟು ಬಂದ್ರಾ ಎಂತ?"

"ಅದು ಹಿಂದೆ ಹೋಗಿದೆ ಮಾರಾಯ್ರೆ. ಬರ್ತದೆ, ಕಾಯಿರಿ."

ಅವರು ನಿಜವಾಗಿಯೂ ಕಾದರು. ಊಟಕ್ಕೆ ಕರೆದರೂ ಏಳಲಿಲ್ಲ. ಬ್ಯಾರಿಗಳು ಮುಸಲ್ಮಾನರು, ಅವರ ಊಟ ಜಗಲಿಯ ಅಂಚಿನಲ್ಲಿ, ಬಾಳೆಲೆಯಲ್ಲಿ. ಕಾಫಿಯ ಗ್ಲಾಸು ಜಗಲಿಯ ಹಂಚಿನ ಮಾಡನ್ನು ಹೊತ್ತ ಮರದ ಪಕ್ಕಾಸಿನ ಸಂದಿಯಲ್ಲಿ ಬೇರೆಯೇ ಇರುತ್ತಿತ್ತು. ಕುಡಿದು, ತಾವೇ ತೊಳೆದು, ಅಲ್ಲೇ ಇಡುತ್ತಿದ್ದರು. ಆಕಾಶವನ್ನು ಒಂದೇ ಕೊಳವೆಯಲ್ಲಿ ನೋಡುತ್ತಿದ್ದವರು ಕಾಫಿಯನ್ನು ಒಂದೇ ಸಾಲಿನ ಗ್ಲಾಸುಗಳಲ್ಲಿ ಕುಡಿಯುತ್ತಿರಲಿಲ್ಲ ಎಂಬುದು ನನಗೆ ಆಗ ವಿಚಿತ್ರವೆನಿಸಲಿಲ್ಲ. ಮನೆ ಹಾಗಿತ್ತು.

ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ನಕ್ಷತ್ರಗಳ ಮೇಲೆ ಸಿಟ್ಟಿರಲಿಲ್ಲ. ಬೆಳಗಿನ ಜಾವ ಎದ್ದು ಬಚ್ಚಲಿಗೆ ಬೆಂಕಿ ಹಾಕುವ ಮೊದಲು ಅವಳೂ ಒಮ್ಮೆ ಮೇಲೆ ನೋಡಿ ಹೊತ್ತು ಅಂದಾಜು ಮಾಡುತ್ತಿದ್ದಳು. ಅವಳ ಜಗಳವೆಲ್ಲ ಕೊಳವೆಯೊಂದಿಗೆ. ದೇವರು ದೂರ ಇಟ್ಟದ್ದನ್ನು ಹತ್ತಿರ ತರುವುದು ಯಾಕೆ ಎಂದು ಕೇಳುತ್ತಿದ್ದಳು. ಅದಕ್ಕೆ ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡಲಾಗದಂಥದ್ದು ಆ ಮನೆಯಲ್ಲಿ ಒಮ್ಮೆ ನಡೆದಿತ್ತು.

ಅಪ್ಪನ ಒಬ್ಬಳೇ ತಂಗಿ ಸರಸತ್ತೆ. ಮದುವೆಗೆ ಮೊದಲು ಅವಳೂ ಚಾಪೆಯ ಬಳಗದವಳು. ಮಸಿ ಬಳಿದದ್ದು ಅವಳೇ, ಉಳಿದವರ ಕೈ ಬಿದಿರಿನೊಳಗೆ ಹೋಗುತ್ತಿರಲಿಲ್ಲವಂತೆ. ಕಡಬದ ಕಡೆಗೆ ಮದುವೆಯಾಗಿ ಹೋದ ಮೇಲೆ, ನಾನು ಇನ್ನೂ ಶಾಲೆಗೆ ಸೇರುವ ಮೊದಲು, ಒಮ್ಮೆ ತವರಿಗೆ ಬಂದಿದ್ದಾಗ ಬೆಳಗಿನ ಜಾವದಲ್ಲಿ ಚಂದ್ರಗ್ರಹಣ ಬಂತು. ಅತ್ತೆಗೆ ಆಗ ಕೆಲವೇ ತಿಂಗಳು ತುಂಬಿತ್ತು. ಅಪ್ಪ ಮೆಲ್ಲಗೆ ಎಬ್ಬಿಸಿ ಕರೆದ, ಅವಳು ಮೆಲ್ಲಗೆ ಎದ್ದು ಹೋದಳು. ಚಂದ್ರ ಹುಳಿ ಹಾಕಿ ತಿಕ್ಕದೆ ಬಿಟ್ಟ ತಾಮ್ರದ ಕೊಡದ ಹಾಗೆ ಕಾಣುತ್ತಿದ್ದ ಎಂದು ಅವಳು ಆಮೇಲೆ ಅಮ್ಮನಿಗೆ ಹೇಳಿದ್ದು ಅಜ್ಜಿಯ ಕಿವಿಗೆ ಬಿತ್ತು. ಕಡಬಕ್ಕೆ ಮರಳಿ ಸ್ವಲ್ಪ ದಿನಗಳಲ್ಲಿ ಆ ಹೊಟ್ಟೆ ಇಳಿದುಹೋಯಿತು. ಸುಧಾರಿಸಿಕೊಳ್ಳಲು ಅವಳು ಮತ್ತೆ ತವರಿಗೆ ಬಂದಳು. ಅಜ್ಜಿ ಮಗಳಿಗೆ ಒಂದು ಮಾತೂ ಅನ್ನಲಿಲ್ಲ. ಅಂದದ್ದು ಮಗನಿಗೆ, ಆದರೆ ಮಗಳು ಗೋಡೆಯಾಚೆ ಮಲಗಿದ್ದಾಗ. ಅಪ್ಪ ಕೊಳವೆಯನ್ನು ಅಟ್ಟಕ್ಕೆ ಏರಿಸಿ, ಒಂದಿಡೀ ಚಳಿಗಾಲ ಕೆಳಗಿಳಿಸಲಿಲ್ಲ. ಮೇಷ್ಟ್ರು ಬಂದು ಬಂದು ಒತ್ತಾಯಿಸಿದ ಮೇಲೆಯೇ ಅದು ಮತ್ತೆ ಅಂಗಳ ಕಂಡದ್ದು.

ನಾನು ಹೇಳಹೊರಟ ವರ್ಷ ಸರಸತ್ತೆ ಎರಡನೆಯ ಸಲ ಬಸುರಿಯಾಗಿ ಬಾಣಂತನಕ್ಕೆ ಬಂದಳು. ದೀಪಾವಳಿಯ ಎಣ್ಣೆ ಪಾತ್ರೆ ಇನ್ನೂ ಬಚ್ಚಲಲ್ಲೇ ಇತ್ತು. ಹೊಳೆ ದಾಟಿ, ಬಸ್ಸಿನಲ್ಲಿ ಕುಲುಕಿ, ಮುಖ ಬಿಳುಚಿಕೊಂಡು ಬಂದವಳಿಗೆ ಅಜ್ಜಿ ಮೊದಲು ಕೊಟ್ಟದ್ದು ಜೀರಿಗೆ ಕಷಾಯ, ಆಮೇಲೆ ಒಳಕೋಣೆ. ಅವಳು ಹಗಲೆಲ್ಲ ನಗುತ್ತಿದ್ದಳು. ನನ್ನ ತಲೆ ಬಾಚುತ್ತಿದ್ದಳು, ಅಮ್ಮನ ಜೊತೆ ಬಸಳೆ ಸೋಸುತ್ತಿದ್ದಳು. ಸಂಜೆಯಾಗಿ ಅಂಗಳದಲ್ಲಿ ಚಾಪೆ ಬಿಚ್ಚುವ ಸದ್ದು ಕೇಳಿದ ಕೂಡಲೇ ಎದ್ದು ಒಳಗೆ ಹೋಗಿ ಅಂಗಳಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಕೃತ್ತಿಕೆ ತೋರಿಸುತ್ತೇನೆ ಬಾ ಎಂದು ಒಮ್ಮೆ ನಾನು ಕೈ ಎಳೆದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಅಲ್ಲಾಡಲೂ ಇಲ್ಲ.

"ಬೇಡ ಕಮಲಾ. ನನ್ನ ಕಣ್ಣು ಒಳ್ಳೆಯದಲ್ಲ. ಒಂದನ್ನು ಕಳೆದಿದೆ."

ನನಗೆ ಆ ಮಾತು ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ಕಡೆಯುತ್ತಿದ್ದ ಕಲ್ಲು ನಿಲ್ಲಿಸಿ, ಇದನ್ನು ಅಪ್ಪನಿಗೆ ಹೇಳಬೇಡ ಎಂದಳು. ಅಪ್ಪ ಬಾಗಿಲ ಹಿಂದೆಯೇ ನಿಂತಿದ್ದ.

ಆ ಸಲ ಪಂಚಾಂಗದಲ್ಲಿ ಸೂರ್ಯಗ್ರಹಣ ಇತ್ತು, ಅಮಾವಾಸ್ಯೆಯ ದಿನ, ನಡುಮಧ್ಯಾಹ್ನ. ಮೂವರು ಗೆಳೆಯರು ಅದಕ್ಕಾಗಿ ಮಳೆಗಾಲದಿಂದಲೇ ಕಾದಿದ್ದರು. ಸೂರ್ಯನನ್ನು ಕೊಳವೆಯಲ್ಲಿ ನೇರ ನೋಡಿದರೆ ಕಣ್ಣು ಹೋಗುತ್ತದೆ, ಅದರ ಹಿಂದೆ ಬಿಳಿ ಕಾಗದ ಹಿಡಿದು ಬಿಂಬ ಬೀಳಿಸಬೇಕು ಎಂದು ಮೇಷ್ಟ್ರು ಓದಿ ತಿಳಿದುಕೊಂಡಿದ್ದರು, ಕಾಗದವನ್ನೂ, ಬರಿಗಣ್ಣಿಗೆ ಅಡ್ಡ ಹಿಡಿಯಲು ಮಸಿ ಹಿಡಿದ ಗಾಜಿನ ಚೂರನ್ನೂ ತಂದಿಟ್ಟಿದ್ದರು. ಗ್ರಹಣಕ್ಕೆ ಒಂದು ವಾರವಿರುವಾಗ ಅಜ್ಜಿ ಊಟ ಬಡಿಸುತ್ತಾ, ಯಾರ ಮುಖವನ್ನೂ ನೋಡದೆ, ಆ ದಿನ ಕೊಳವೆ ತನ್ನ ಅಂಗಳದಲ್ಲಿ ಇರಕೂಡದು ಎಂದಳು. ಅಪ್ಪ ವಾದಿಸುತ್ತಾನೆಂದು ನಾನು ಕಾದೆ. ಅವನು ಅನ್ನ ಕಲಸುತ್ತಲೇ, ಕೊಳವೆ ಮಾತ್ರ ಅಲ್ಲ, ತಾನೂ ನೋಡುವುದಿಲ್ಲ, ಜಗಲಿ ಬಿಟ್ಟು ಕದಲುವುದಿಲ್ಲ ಎಂದು ಹೇಳಿದ. ಹೀಗೆ ಕೊಳವೆ ಅದ್ರಾಮ ಬ್ಯಾರಿಗಳ ಹೆಗಲೇರಿ ಅವರ ಮನೆಯ ಹಿಂದಿನ ಗುಡ್ಡೆಗೆ ಹೋಯಿತು. ಹೋಗುವಾಗ ಅವರು, ನಾವು ನೋಡಿ ಬಂದು ಹೇಳುತ್ತೇವೆ ಬಿಡಿ ಎಂದದ್ದಕ್ಕೆ ಅಪ್ಪ ನಕ್ಕದ್ದು ನೆನಪಿದೆ. ಊಟ ಮಾಡಿ ಬಂದು ರುಚಿ ಹೇಳುತ್ತೇವೆ ಅಂದ ಹಾಗಾಯಿತು, ಎಂದ.

ಗ್ರಹಣದ ಬೆಳಿಗ್ಗೆ ಅಜ್ಜಿಯ ಕೈ ಬಿಡುವಾಗಲಿಲ್ಲ. ಬೇಗ ಅಡುಗೆ ಮಾಡಿಸಿ, ಬೇಗ ಉಣ್ಣಿಸಿ, ಉಳಿದದ್ದನ್ನು ದನಕ್ಕೆ ಹಾಕಿದಳು. ಉಪ್ಪಿನಕಾಯಿ ಭರಣಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹೆಪ್ಪು ಹಾಕಿದ ಹಾಲು, ಎಲ್ಲದರ ಮೇಲೂ ದರ್ಭೆಯ ಚೂರು. ಒಳಕೋಣೆಯ ಕಿಟಕಿಗೆ ಹಳೆಯ ಸೀರೆ ತುರುಕಿ, ಅದರ ಮೇಲೆ ಚಾಪೆ ಒರಗಿಸಿದಳು. ಬಾಗಿಲ ಸಂದಿಗೆ ಗೋಣಿ. ಅತ್ತೆ ಒಳಗೆ ಕೂರಬೇಕು. ಏನನ್ನೂ ಹೆಚ್ಚಬಾರದು, ಹೊಲಿಯಬಾರದು, ಮೈ ತುರಿಸಿಕೊಳ್ಳಬಾರದು, ನಿದ್ದೆ ಮಾಡಬಾರದು. ಜೊತೆಗೆ ನಾನು. ಅವಳಿಗೆ ನಿದ್ದೆ ಬಾರದಂತೆ ಮಾತಾಡುತ್ತಿರುವುದು ನನ್ನ ಕೆಲಸ. ಬಾಗಿಲು ಮುಚ್ಚಿದ ಮೇಲೆ ಕಣ್ಣು ಕತ್ತಲೆಗೆ ಒಗ್ಗುವವರೆಗೆ ನಾನು ಅಭ್ಯಾಸಬಲದಿಂದ ಸುಮ್ಮನಿದ್ದೆ. ಅತ್ತೆಯೂ ಸುಮ್ಮನಿದ್ದಳು.

ಆಗ ನೆಲದ ಮೇಲೆ ನಾಣ್ಯಗಳು ಕಂಡವು.

ಹಂಚಿನ ಮನೆಯಲ್ಲಿ ಇದ್ದವರಿಗೆ ಈ ನಾಣ್ಯಗಳು ಗೊತ್ತು. ಮಂಗ ಹಾರಿಯೋ ತೆಂಗಿನ ಮಡಲು ಬಿದ್ದೋ ಹಂಚಿನ ಮೂಲೆ ಒಡೆದರೆ ಅಲ್ಲಿಂದ ಬಿಸಿಲ ಕೋಲೊಂದು ಇಳಿದು ನೆಲದ ಮೇಲೆ ದುಂಡಗೆ ಕೂರುತ್ತದೆ. ಅಜ್ಜಿ ಕಿಟಕಿ ಮುಚ್ಚಿದ್ದಳು, ಬಾಗಿಲು ಮುಚ್ಚಿದ್ದಳು, ತಲೆಯೆತ್ತಿ ಮಾಡು ನೋಡಿರಲಿಲ್ಲ. ಬೇರೆ ದಿನ ಆ ನಾಣ್ಯಗಳನ್ನು ಯಾರೂ ಗಮನಿಸುವುದಿಲ್ಲ. ಆ ದಿನ ಕೋಣೆ ಅಷ್ಟು ಕತ್ತಲಾಗಿದ್ದರಿಂದ ಅವು ಬೆಂಕಿಯಿಂದ ತೆಗೆದಿಟ್ಟ ಹಾಗೆ ಹೊಳೆಯುತ್ತಿದ್ದವು. ನಾಲ್ಕೈದು ಇದ್ದಿರಬಹುದು. ನಾನು ಒಂದರ ಮೇಲೆ ಕೈಯಿಟ್ಟು, ಅದನ್ನು ಕೈ ಮೇಲೆ ಬರಿಸಿ ಆಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ನಾಣ್ಯದ ಒಂದು ಬದಿ ಇಲ್ಲ. ಪಕ್ಕದ್ದರಲ್ಲೂ ಇಲ್ಲ. ಎಲ್ಲವನ್ನೂ ಒಂದೇ ಹಲ್ಲು ಒಂದೇ ಕಡೆಯಿಂದ ಕಚ್ಚಿತ್ತು.

ಅತ್ತೆ ಅದನ್ನು ನನಗಿಂತ ಮೊದಲೇ ಕಂಡಿದ್ದಳು. ಅವಳು ಕಾಲು ಮಡಚಿಕೊಂಡು ಹಿಂದೆ ಹಿಂದೆ ಸರಿದಳು. ಸೂರ್ಯ ಜಾರಿದ ಹಾಗೆ ನಾಣ್ಯಗಳೂ ಅವಳಿದ್ದ ಕಡೆಗೇ ಜಾರುತ್ತಿದ್ದವು. ಗೋಡೆ ಬೆನ್ನಿಗೆ ತಾಗಿ ಇನ್ನು ಸರಿಯಲು ಜಾಗವಿಲ್ಲದಾಗ ಒಂದು ಅವಳ ಸೀರೆಯ ನೆರಿಗೆ ಹತ್ತಿ, ಮೊಣಕಾಲು ಹತ್ತಿ, ಹೊಟ್ಟೆಯ ಮೇಲೆ ಬಂದು ಕೂತಿತು. ಅವಳು ಕೈಯಿಂದ ಮುಚ್ಚಿದಳು. ಕಚ್ಚಿದ ಸೂರ್ಯ ಕೈಯ ಬೆನ್ನ ಮೇಲೆ ಬಂದ.

"ಹುಡುಕಿಕೊಂಡು ಬಂತು," ಎಂದಳು. ಮತ್ತೆ, ನಾನು ಎಂದೂ ಕೇಳಿರದ ಸ್ವರದಲ್ಲಿ, "ಅಮ್ಮಾ" ಎಂದು ಕರೆದಳು.

ಅಜ್ಜಿ ಬಂದು ಬಾಗಿಲು ದೂಡಿ, ನೋಡಿ, ಒಂದು ಗಳಿಗೆ ನಿಂತಳು. ಆಮೇಲೆ ಅವಳು ಮಾಡಿದ್ದು, ಮನೆಯಲ್ಲಿ ಏನೇ ತೆರೆದಿದ್ದರೂ ಅವಳು ಮಾಡುತ್ತಿದ್ದುದನ್ನೇ: ಮುಚ್ಚಳ ಹುಡುಕಿದಳು. ಹಿತ್ತಾಳೆಯ ತಟ್ಟೆ ತಂದು ನೆಲದ ನಾಣ್ಯದ ಮೇಲೆ ಕವುಚಿದಳು. ಸೂರ್ಯ ತಟ್ಟೆಯ ಮೇಲೆ, ಮೊದಲಿಗಿಂತ ಜೋರಾಗಿ. ಗೆರಸೆ ತಂದಳು, ಗೆರಸೆಯ ಮೇಲೆ. ಕರಿಯ ಕಂಬಳಿ ತಂದು ಮಗಳ ಮೈಮೇಲೆ ಹೊದೆಸಿದಳು. ಮಂಕಾಗಿ, ಆದರೂ ಅಲ್ಲೇ, ಕಂಬಳಿಯ ಮೇಲೆ ಆ ಬಾಗಿದ ಚೂರು. ಏನಿಟ್ಟರೂ ಅದಕ್ಕೊಂದು ಹೊಸ ಜಗಲಿ ಹಾಕಿಕೊಟ್ಟ ಹಾಗೆ ಆಗುತ್ತಿತ್ತು. ಕೊನೆಗೆ ಅವಳು ಜಗಲಿಯಲ್ಲಿದ್ದ ಮಗನನ್ನು ಕೂಗಿ, ಏಣಿ ಇಟ್ಟು ಮಾಡು ಹತ್ತು, ಎಲ್ಲ ತೂತು ಮುಚ್ಚು ಎಂದಳು. ನೋಡುವುದಿಲ್ಲವೆಂದು ಮಾತು ಕೊಟ್ಟವನು ತಲೆಗೆ ಬೈರಾಸು ಸುತ್ತಿ, ಸೂರ್ಯನಿಗೆ ಬೆನ್ನು ಹಾಕಿ ಏಣಿ ಹತ್ತಿದ. ಹಂಚಿನ ಮೇಲೆ ಅವನು ತೆವಳುವ ಸದ್ದು ನಮ್ಮ ತಲೆಯ ಮೇಲೆ ಬಂತು. ಮೇಲಿನಿಂದ ಅವನಿಗೆ ತೂತು ತಿಳಿಯುತ್ತಿರಲಿಲ್ಲ. ಒಳಗಿನಿಂದ ಅಜ್ಜಿ ಹೇಳಬೇಕು: ಬಲಕ್ಕೆ, ಇನ್ನೂ ಕೆಳಗೆ, ಹಾಂ, ಅದು ಹೋಯ್ತು, ಇನ್ನೊಂದು. ಅವನು ಒಡೆದ ಹಂಚಿನ ಚೂರು ಇಟ್ಟ ಹಾಗೆ ನೆಲದ ಮೇಲೆ ಒಂದೊಂದೇ ಚೂರು ಸೂರ್ಯ ಆರುತ್ತಿತ್ತು. ಕೋಣೆ ಮತ್ತಷ್ಟು ಕತ್ತಲಾಗುತ್ತಾ ಬಂದು, ಕೊನೆಗೆ ಒಂದು ಮಾತ್ರ ಉಳಿಯಿತು, ಅತ್ತೆಯ ಕಂಬಳಿಯ ಮೇಲಿನದ್ದು.

"ಇನ್ನೊಂದು ಉಂಟು. ನಿನ್ನ ಎಡಗೈಯ ಹತ್ತಿರ," ಎಂದಳು ಅಜ್ಜಿ.

"ಅದು ಇರಲಿ ಅಣ್ಣ," ಎಂದಳು ಅತ್ತೆ.

ಮಾಡಿನ ಮೇಲೆ ಸದ್ದು ನಿಂತಿತು. ಅತ್ತೆ ಕಂಬಳಿ ಬದಿಗೆ ಸರಿಸಿ ಅಂಗೈ ಬಿಡಿಸಿ ಹಿಡಿದಳು. ಸೂರ್ಯ ಅರ್ಧಕ್ಕಿಂತ ಹೆಚ್ಚು ಹೋಗಿ, ಕತ್ತರಿಸಿ ಬಿಸಾಡಿದ ಉಗುರಿನಂತೆ ಅಂಗೈಯಲ್ಲಿ ಬಿದ್ದುಕೊಂಡಿದ್ದ. ಹೊರಗೆ ಬಿಸಿಲು ಬಣ್ಣ ಕಳೆದುಕೊಂಡದ್ದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಕೋಳಿಗಳು ಗೂಡಿನ ಹತ್ತಿರ ಗೊಂದಲದಲ್ಲಿ ಸೇರಿದ್ದವು.

"ಅಮ್ಮ, ಆವತ್ತು ನಾನು ನೋಡಿದ್ದಕ್ಕೇ ಅಲ್ವಾ ಅದು ಹೋದದ್ದು?"

ಅಜ್ಜಿ ತಟ್ಟೆ ಹಿಡಿದುಕೊಂಡೇ ನೆಲಕ್ಕೆ ಕುಳಿತಳು. ಅವಳು ಮಾತಾಡಿದ್ದು ಮಗಳಿಗೆ ಹೇಳಿದ ಹಾಗಿರಲಿಲ್ಲ, ತಟ್ಟೆಗೆ ಹೇಳಿದ ಹಾಗಿತ್ತು.

"ನಿನ್ನ ಅಣ್ಣನಿಗಿಂತ ಮೊದಲು ನನಗೊಂದು ಇತ್ತು. ಆಗಲೂ ಗ್ರಹಣ ಬಂದಿತ್ತು. ನನ್ನ ಅತ್ತೆಯವರು ಹೇಳಿದ್ದೆಲ್ಲ ಮಾಡಿದೆ. ಹೀಗೇ ಒಳಗೆ ಕೂತಿದ್ದೆ. ಮುಳಿಹುಲ್ಲಿನ ಮಾಡು, ಒಂದು ತೂತೂ ಇರಲಿಲ್ಲ. ಬೆರಳು ಅಲ್ಲಾಡಿಸಲಿಲ್ಲ ನಾನು. ಏನೂ ನೋಡಲಿಲ್ಲ."

"ಮತ್ತೆ?"

"ಮತ್ತೆಂತ. ಹೋಯ್ತು."

ಅತ್ತೆ ಅಂಗೈಯ ಸೂರ್ಯನಿಂದ ಕಣ್ಣೆತ್ತಿ ಅವಳನ್ನು ನೋಡಿದಳು.

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಅಮ್ಮ?"

"ಹೇಳಿದ್ರೆ ನೀನು ಇವತ್ತು ಒಳಗೆ ಕೂರ್ತಿದ್ದೆಯಾ?"

ಅತ್ತೆ ಅತ್ತಳು. ಅಜ್ಜಿ ಅವಳನ್ನು ತಬ್ಬಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಅಂಥ ರೂಢಿ ಇರಲಿಲ್ಲ. ಸರಿದು ಹತ್ತಿರ ಕೂತು, ಮಗಳ ತೆರೆದ ಅಂಗೈಯ ಕೆಳಗೆ ತನ್ನ ಅಂಗೈ ಇಟ್ಟಳು, ಭಾರದ ಪಾತ್ರೆಗೆ ಕೆಳಗಿನಿಂದ ಆಸರೆ ಕೊಡುವ ಹಾಗೆ. ಮೇಲಿನಿಂದ ಮೂಗು ಸೀಟಿದ ಸದ್ದು ಕೇಳಿತು. ಅಪ್ಪನಿಗೆ ಒಳಗಿನ ಪ್ರತಿ ಮಾತೂ ಕೇಳಿಸಿತ್ತು. ಅವನು ಗ್ರಹಣ ಬಿಡುವವರೆಗೂ ಅಲ್ಲೇ, ಆ ಕೊನೆಯ ತೂತಿನ ಪಕ್ಕ, ಸೂರ್ಯನಿಗೆ ಬೆನ್ನು ಹಾಕಿ ಕೂತಿದ್ದ. ಒಳಗೆ ನಾವು ಮೂವರು, ಸೂರ್ಯ ಮೆಲ್ಲಗೆ ತುಂಬಿಕೊಳ್ಳುವುದನ್ನು ನೋಡಿದೆವು. ಅಂಗೈ ನೋಯುವಾಗ ಅತ್ತೆ ಅದನ್ನು ನನ್ನ ಕೈಗೆ ದಾಟಿಸುತ್ತಿದ್ದಳು. ನಾನು ಅಜ್ಜಿಯ ಕೈಗೆ ದಾಟಿಸಿದಾಗ ಅವಳು ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತು ಹಿಡಿದು, ಬಿಸಿ ಏನೂ ಇಲ್ಲ ಎಂದಳು.

ಗ್ರಹಣ ಬಿಟ್ಟ ಮೇಲೆ ಅಜ್ಜಿಯ ಶಾಸ್ತ್ರದಲ್ಲಿ ಒಂದೂ ಕಡಿಮೆಯಾಗಲಿಲ್ಲ. ಎಲ್ಲರಿಗೂ ತಲೆಗೆ ಸ್ನಾನ, ಹಂಡೆಯ ನೀರು ಚೆಲ್ಲಿ ಹೊಸ ನೀರು, ಹೊಸದಾಗಿ ಬೆಂಕಿ. ಸಂಜೆ ಗೆಳೆಯರಿಬ್ಬರೂ ಕೊಳವೆ ಹೊತ್ತು ಬಂದಾಗ ಅಂಗಳದಲ್ಲಿ ಅವರ ಎದುರು ನಿಂತು ಮಾತಾಡಿದವಳು ಸರಸತ್ತೆ. ಗ್ರಹಣ ಯಾವ ಕಡೆಯಿಂದ ಹಿಡಿಯಿತು ಎಂಬುದರ ಮೇಲೆ ಮೇಷ್ಟ್ರಿಗೂ ಅವಳಿಗೂ ವಾದವೇ ಆಯಿತು. ಮಸಿ ಹಿಡಿದ ಗಾಜಿನಲ್ಲಿ ಮೇಷ್ಟ್ರು ಕಂಡ ಬದಿ ಬೇರೆ, ಅವಳ ಅಂಗೈಯ ಬದಿ ಬೇರೆ. ಕೊನೆಗೆ ಮೇಷ್ಟ್ರು ತಲೆ ಕೆರೆದುಕೊಂಡು, ತೂತಿನಲ್ಲಿ ಇಳಿದು ಬಂದ ಬಿಂಬ ತಲೆಕೆಳಗಾಗುತ್ತದೆ, ಇಬ್ಬರೂ ಸರಿ ಎಂದರು. ಅದ್ರಾಮ ಬ್ಯಾರಿಗಳು ಗುಡ್ಡೆಯಲ್ಲಿ ಬಿಸಿಲು ತಾಳಲಾರದೆ ರಿಪೇರಿಗೆ ಬಂದಿದ್ದ ಹಳೆಯ ಕೊಡೆಯೊಂದನ್ನು ಬಿಡಿಸಿದ್ದರಂತೆ. ಅದರ ತೂತು ತೂತಿನಿಂದಲೂ ಒಂದೊಂದು ಚೂರು ಸೂರ್ಯ ಇಳಿದು ಅವರ ಅಂಗಿಯ ತುಂಬ ಬಿದ್ದನಂತೆ.

"ಅಂಗಿ ಕೊಡವಿದೆ ಮಾರಾಯ್ರೆ. ಒಂದೂ ಉದುರಲಿಲ್ಲ."

ಅಪ್ಪ ಆ ರಾತ್ರಿ ನಕ್ಕದ್ದು ನೋಡಿ ಅಮ್ಮ ಒಳಗಿನಿಂದ ಇಣುಕಿ ಹೋದಳು. ನೆಲಕ್ಕೆ ಬಿದ್ದ ಬೆಳಕನ್ನು ಕಂಡರೆ ಅದರ ಆಕಾರವನ್ನು ನಿಂತು ನೋಡಿಯೇ ಮುಂದೆ ಹೋಗುವ ನನ್ನ ಅಭ್ಯಾಸ ಶುರುವಾದದ್ದು ಆ ದಿನದಿಂದ. ಈಗಲೂ ಗುಡಿಸುವಾಗ ಕಸಬರಿಗೆ ಹಿಡಿದು ನಿಲ್ಲುತ್ತೇನೆ, ಮನೆಯವರು ನಗುತ್ತಾರೆ.

ಹೆರಿಗೆ ಸುಲಭವಾಗಿರಲಿಲ್ಲ. ಒಂದಿಡೀ ಹಗಲು ಒಳಕೋಣೆಯಿಂದ ನರಳಿಕೆ ಕೇಳಿ, ಅಪ್ಪ ಅಂಗಡಿ ತೆರೆಯದೆ ಜಗಲಿಯ ಕಂಬಕ್ಕೊರಗಿ ಕೂತಿದ್ದ. ಹೆಣ್ಣುಮಗು ಹುಟ್ಟಿತು, ಕೂಡಲೇ ಅಳಲಿಲ್ಲ, ಆಮೇಲೆ ಅತ್ತಿತು. ಅತ್ತೆ ಬಾಣಂತಿಸ್ನಾನ ಮುಗಿಸಿ ಮೊದಲ ಸಲ ಜಗಲಿಗೆ ಬಂದು ಕೂತ ದಿನ ಅದ್ರಾಮ ಬ್ಯಾರಿಗಳು ಮಗುವಿಗೆಂದು ಅಂಗೈಯಗಲದ ಕೆಂಪು ಕೊಡೆಯೊಂದನ್ನು ಮಾಡಿ ತಂದರು. ಮೆಟ್ಟಿಲ ಕೆಳಗೆ ನಿಂತು ಮಗುವಿನ ಮುಖ ನೋಡಿ, ಸಂತೋಷಕ್ಕೆ ಏನು ಹೇಳಬೇಕೆಂದು ತಿಳಿಯದೆ ಹೇಳಿದರು:

"ನೋಡಿ ತಂಗಿ, ಗ್ರಹಣ ಕೈಯಲ್ಲೇ ಹಿಡಿದ್ರಿ. ಎಂತ ಆಯ್ತು? ಏನೂ ಆಗಲಿಲ್ಲ."

ಅಪ್ಪನೂ ಹೌದೆಂಬಂತೆ ತಲೆಯಾಡಿಸಿದ. ಅತ್ತೆ ಮಗುವಿನ ಕಿವಿಯ ಹಿಂದಿನ ಎಣ್ಣೆ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸದೆ, ಮೆಲ್ಲಗೆ, ಆದರೆ ಒಳಗಿದ್ದ ಅಜ್ಜಿಗೆ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು:

"ಇವಳು ಉಳಿಯದೇ ಹೋಗಿದ್ರೂ ಅದು ಗ್ರಹಣದಿಂದ ಅಲ್ಲ ಬ್ಯಾರಿಗಳೇ. ಆವತ್ತಿನದ್ದೂ ಅಲ್ಲ."

ಒಳಗೆ ಅಜ್ಜಿ ಬಾಣಂತಿಯ ಮದ್ದಿಗೆ ಮೆಣಸು ಗುದ್ದುತ್ತಿದ್ದಳು. ಸದ್ದು ಒಮ್ಮೆ ನಿಂತಿತು. ಅಷ್ಟು ಒಳ್ಳೆಯ ದಿನದಲ್ಲಿ ಅಂಥ ಮಾತು ಬಾಯಿಗೆ ತಂದದ್ದಕ್ಕೆ ಬಯ್ಯುತ್ತಾಳೆಂದು ನಾವೆಲ್ಲ ಬಾಗಿಲ ಕಡೆ ನೋಡಿದೆವು. ಅವಳು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಗುದ್ದುವುದನ್ನು ಮುಂದುವರಿಸಿದಳು.